ಬಿಳಿ ಬೋರ್ಡ್ ಕಾರಿನ ತಪಾಸಣೆ: 15 ವರ್ಷದ ಲೆಕ್ಕ, ಎಮಿಷನ್ ಲೆಕ್ಕ

ಮೊದಲು ಬೋರ್ಡ್ ನೋಡಿ. ಬಾಡಿಗೆಗೆ ಓಡುವ ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ವರ್ಷಾ ವರ್ಷ. ಸ್ವಂತ ಬಳಕೆಯ ಬಿಳಿ ಬೋರ್ಡ್ ಕಾರಿಗೆ ಆ ತರಹ ಬೇರೆ ಎಫ್‌ಸಿ ಇಲ್ಲ. ಆರ್‌ಸಿ (ರಿಜಿಸ್ಟ್ರೇಷನ್ ಸರ್ಟಿಫಿಕೇಟ್) ಚಾಲ್ತಿಯಲ್ಲಿದ್ದರೆ ಸಾಕು. ಮೊದಲ ಸಲ 15 ವರ್ಷ, ಆಮೇಲೆ ಐದೈದು ವರ್ಷ.

ಈ 15 ವರ್ಷ ರಿಜಿಸ್ಟ್ರೇಷನ್ ಆದ ದಿನದಿಂದ ಶುರು. ಕಾರು ತಯಾರಾದ ತಿಂಗಳಿಂದಲ್ಲ, ನೀವು ಕೊಂಡ ದಿನದಿಂದಲೂ ಅಲ್ಲ. 2012ರ ಜುಲೈ 14ರಂದು ಬೆಂಗಳೂರಲ್ಲಿ ರಿಜಿಸ್ಟರ್ ಆದ ಕೆಎ-04 ಕಾರನ್ನು ಗುಬ್ಬಿಯವರೊಬ್ಬರು ಸೆಕೆಂಡ್ ಹ್ಯಾಂಡ್ ಕೊಂಡರು ಅಂದುಕೊಳ್ಳಿ. ಮಾಲೀಕರು ಬದಲಾದರೂ ಆರ್‌ಸಿ ಮುಗಿಯುವುದು 2027ರ ಜುಲೈ 13ಕ್ಕೇ. ನವೀಕರಣಕ್ಕೆ 60 ದಿನ ಮೊದಲು, ಅಂದರೆ ಮೇ 14ರಿಂದ ಅರ್ಜಿ ಹಾಕಬಹುದು. ಅದಕ್ಕೂ ಮುಂಚೆ ಹಾಕಲು ಬರುವುದಿಲ್ಲ. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಿಂದ 10,000.

ತಪಾಸಣೆ ನಡೆಯುವುದು ಈ ನವೀಕರಣದ ಹೊತ್ತಿಗೆ. ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್ ಬ್ರೇಕು, ಲೈಟು ನೋಡುತ್ತಾರೆ, ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ಹಾಕುತ್ತಾರೆ. ಚಾಸಿ ನಂಬರ್ ಮೇಲೆ ಮಣ್ಣು, ತುಕ್ಕು ಕೂತಿದ್ದರೆ ಹೋಗುವ ಮೊದಲೇ ಒರೆಸಿ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಎಲ್ಲಾ ಅಂಕಿ ಮೂಡಿದರೆ ಚಿಂತೆಯಿಲ್ಲ.

ಇನ್ನು ಎಮಿಷನ್ ಟೆಸ್ಟ್. ನನಗೆ ಜಾಸ್ತಿ ತಲೆ ತಿಂದಿದ್ದು ಇದೇ. ಹೊಸ ಕಾರಿಗೆ ಮೊದಲ ಒಂದು ವರ್ಷ ಬೇಡ. ಆಮೇಲೆ ಕೆಲವರಿಗೆ ಆರು ತಿಂಗಳಿಗೊಮ್ಮೆ, ಕೆಲವರಿಗೆ ವರ್ಷಕ್ಕೊಮ್ಮೆ. ಯಾಕೆ ಹೀಗೆ? ಕಾರಿನ ವಯಸ್ಸಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಲೆಕ್ಕಕ್ಕೆ ಬರುವುದು ಕಾರು ಯಾವ ಬಿಎಸ್ (ಭಾರತ್ ಸ್ಟೇಜ್, ಅಂದರೆ ಹೊಗೆಯ ಮಾನದಂಡ) ಅನ್ನುವುದು. ಬಿಎಸ್-4, ಬಿಎಸ್-6 ಕಾರಿಗೆ 12 ತಿಂಗಳು, ಅದಕ್ಕಿಂತ ಹಳೆಯ ಮಾನದಂಡದ್ದಕ್ಕೆ 6 ತಿಂಗಳು. ‘ಹಾಗಾದ್ರೆ ಇಸವಿ ನೋಡಿದ್ರೆ ಗೊತ್ತಾಗುತ್ತಲ್ವಾ?’ ಅನ್ನಿಸುತ್ತದೆ. ಆಗುವುದಿಲ್ಲ. ಬೆಂಗಳೂರಿಗೆ ಬಿಎಸ್-4 ಬಂದಿದ್ದು 2010ರಲ್ಲಿ, ಇಡೀ ದೇಶಕ್ಕೆ ಕಡ್ಡಾಯವಾಗಿದ್ದು 2017ರ ಏಪ್ರಿಲ್‌ನಲ್ಲಿ. 2012ರಲ್ಲಿ ಬೆಂಗಳೂರಲ್ಲಿ ರಿಜಿಸ್ಟರ್ ಆದ ಹೊಸ ಕಾರು ಬಿಎಸ್-4 ಇರಲೇಬೇಕಿತ್ತು. ಅದೇ ವರ್ಷ ತುಮಕೂರಲ್ಲಿ ಕೆಎ-06 ನಂಬರ್ ಪಡೆದ ಕಾರು ಬಿಎಸ್-3 ಇದ್ದರೂ ನಡೆಯುತ್ತಿತ್ತು. ಒಂದೇ ಇಸವಿಯ ಎರಡು ಕಾರು ಒಂದೇ ಬೀದಿಯಲ್ಲಿ ನಿಂತಿದ್ದರೂ ಎಮಿಷನ್ ಅವಧಿ ಬೇರೆ ಬೇರೆ ಇರಬಹುದು.

ಗುರುತಿಸಲು ನನಗೆ ಇಷ್ಟವಾದ ದಾರಿ, ಪೆಟ್ರೋಲ್ ಕಾರಾದರೆ, ಹಳೇ ಎಮಿಷನ್ ಚೀಟಿ. ಕಾರ್ಬನ್ ಮಾನಾಕ್ಸೈಡ್ ಮಿತಿ 0.3 ಎಂದಿದ್ದರೆ ಬಿಎಸ್-4 ಅಥವಾ ಬಿಎಸ್-6. 0.5 ಎಂದಿದ್ದರೆ ಬಿಎಸ್-2 ಅಥವಾ ಬಿಎಸ್-3. ಪಕ್ಕದಲ್ಲಿರುವ ಅಳತೆಯನ್ನು ಈ ಮಿತಿ ಎಂದು ಓದಬೇಡಿ, ಅದು ನಿಮ್ಮ ಕಾರು ಆ ದಿನ ಉಗುಳಿದ ಲೆಕ್ಕ. ಚೀಟಿ ಕಳೆದಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಾಹನದ ವಿವರ ತೆಗೆದು ನೋಡಿ. ಬಿಎಸ್-4 ಕಾರಿಗೆ ಸೆಂಟರಿನವರು ಆರೇ ತಿಂಗಳ ಚೀಟಿ ಕೊಟ್ಟರೆ ಅಲ್ಲೇ ಕೇಳಿ ಸರಿ ಮಾಡಿಸಿಕೊಳ್ಳಿ.