ಇಂಗ್ಲೆಂಡಿನ ಕೌನ್ಸಿಲ್ ವಿಲೀನ: ಕೂಡುವ ಲೆಕ್ಕ, ಪಾಲಿನ ಲೆಕ್ಕ

ಇಂಗ್ಲೆಂಡಿನ ಸರ್ರೆಯಲ್ಲಿ ಮನೆ ಮುಂದಿನ ಕಸ ಎತ್ತುವುದು ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತ. ಅದೇ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ ಕೌನ್ಸಿಲ್. ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಬಿಲ್ ಕಳಿಸುವುದು ಡಿಸ್ಟ್ರಿಕ್ಟ್, ಅದರ ದೊಡ್ಡ ಪಾಲು ಹೋಗುವುದು ಕೌಂಟಿಗೆ. ಇಲ್ಲಿಗೆ ಬಂದು ನೆಲೆಸಿದ ನಮ್ಮವರಿಗೆ ಇದು ತಿಳಿಯಲು ವರ್ಷಗಳೇ ಬೇಕು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ, ಡಿಸ್ಟ್ರಿಕ್ಟ್ ಅಥವಾ ಬರೋ ಎಂದರೆ ತಾಲ್ಲೂಕಿನ ಹಾಗೆ ಎಂದುಕೊಂಡರೆ ಸುಲಭ.

ಈ ಎರಡು ಹಂತ ತೆಗೆದು ಒಂದೇ ಕೌನ್ಸಿಲ್ ಮಾಡಿದರೆ ಅದು ‘ಯುನಿಟರಿ’. ಸ್ಕಾಟ್ಲೆಂಡ್ ಮತ್ತು ವೇಲ್ಸ್ 1996ರಲ್ಲೇ ಪೂರ್ತಿ ಹೀಗಾದವು. ಕಾರ್ನ್‌ವಾಲ್, ವಿಲ್ಟ್‌ಷೈರ್ 2009ರಲ್ಲಿ ಆದವು. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಇಂಗ್ಲೆಂಡಿನಲ್ಲಿ ಉಳಿದಿದ್ದ 21 ಕಡೆಗೂ ಇದನ್ನೇ ಮಾಡುವುದಾಗಿ ಹೇಳಿತು. ಒಂದು ಕೌನ್ಸಿಲ್‌ಗೆ 5 ಲಕ್ಷ ಜನ ಎಂಬುದು ಅದರ ಅಂದಾಜು ಅಳತೆ.

ಕೌನ್ಸಿಲ್ ಲೆಕ್ಕಪತ್ರ ನನ್ನ ಕೆಲಸ. ವಿಲೀನದಿಂದ ಹಣ ಉಳಿಯುತ್ತಾ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದನ್ನು: ಕೌಂಟಿ ಇಡಿಯಾಗಿ ಉಳಿಯುತ್ತಾ, ಇಲ್ಲ ಒಡೆಯುತ್ತಾ?

2023ರ ಏಪ್ರಿಲ್ 1ನ್ನೇ ನೋಡಿ. ಅಂದು ನಾರ್ತ್ ಯಾರ್ಕ್‌ಷೈರ್‌ನಲ್ಲಿ ಕೌಂಟಿ ಮತ್ತು 7 ಡಿಸ್ಟ್ರಿಕ್ಟ್ ಸೇರಿ ಒಂದಾದವು. ಅದೇ ದಿನ ಕಂಬ್ರಿಯಾದಲ್ಲಿ ಕೌಂಟಿಯನ್ನೂ 6 ಡಿಸ್ಟ್ರಿಕ್ಟ್‌ಗಳನ್ನೂ ತೆಗೆದು ಎರಡು ಕೌನ್ಸಿಲ್ ಮಾಡಿದರು. ಸುದ್ದಿಯಲ್ಲಿ ಎರಡಕ್ಕೂ ವಿಲೀನ ಎಂದೇ ಹೆಸರು. ಲೆಕ್ಕದಲ್ಲಿ ಎರಡೂ ಬೇರೆ ಬೇರೆ.

ಡಿಸ್ಟ್ರಿಕ್ಟ್‌ಗಳು ಸೇರಿದಾಗ ಮೇಲಧಿಕಾರಿಗಳು, ಕಚೇರಿಗಳು, ಸಾಫ್ಟ್‌ವೇರ್, ಕಸದ ಗುತ್ತಿಗೆ ಎಲ್ಲ ಕಡಿಮೆಯಾಗುತ್ತವೆ. ಇದು ನಿಜವಾದ ಉಳಿತಾಯ. ಆದರೆ ಕೌಂಟಿಯ ಹಣ ಹೆಚ್ಚಾಗಿ ಖರ್ಚಾಗುವುದು ವಯಸ್ಸಾದವರ, ಅಂಗವಿಕಲರ ಆರೈಕೆಗೆ ಮತ್ತು ಮಕ್ಕಳ ರಕ್ಷಣೆಗೆ. ಕೌಂಟಿ ಒಡೆದರೆ ಈ ಸೋಷಿಯಲ್ ಕೇರ್ ಕೂಡ ಒಡೆಯುತ್ತದೆ. ಕಾನೂನಿನ ಪ್ರಕಾರ ಪ್ರತಿ ಹೊಸ ಕೌನ್ಸಿಲ್‌ಗೂ ಮಕ್ಕಳ ಸೇವೆಗೆ ಒಬ್ಬ ನಿರ್ದೇಶಕರು, ವಯಸ್ಕರ ಆರೈಕೆಗೆ ಒಬ್ಬರು ಬೇಕು. ಅವರ ಕೆಳಗಿನ ಅಧಿಕಾರಿಗಳ ಸಾಲೂ ಎರಡಾಗುತ್ತದೆ. ಅಣ್ಣತಮ್ಮಂದಿರು ಪಾಲಾದರೆ ಒಂದು ಒಲೆ ಎರಡಾಗುತ್ತದೆ, ಸೌದೆ ಅರ್ಧ ಆಗುವುದಿಲ್ಲ ಅಲ್ವಾ?

ಇಂಥ ಪಾಲು ಮಾಡುವಾಗ ನಾನು ಕೂತು ನೋಡಿದ್ದು ಒಂದೊಂದೇ ಫೈಲು. ಅಜ್ಜಿಯೊಬ್ಬರ ಸ್ವಂತ ಮನೆ ಪೂರ್ವದಲ್ಲಿ, ಈಗ ಇರುವ ಕೇರ್ ಹೋಮ್ ಪಶ್ಚಿಮದಲ್ಲಿ. ಬಿಲ್ ಯಾವ ಕೌನ್ಸಿಲ್‌ನದು? ಹೊಸ ಕೌನ್ಸಿಲ್ ಶುರುವಾಗುವ ಏಪ್ರಿಲ್ 1ರೊಳಗೆ ಉತ್ತರ ಸಿಗದಿದ್ದರೆ ಆ ಕೇರ್ ಹೋಮ್‌ಗೆ ಹಣ ನಿಲ್ಲಬಹುದು. ನಿದ್ದೆ ಕೆಡಿಸುವ ಕೆಲಸ ಇದೇ. ಹೊಸ ಲೋಗೋ, ಹೊಸ ಬೋರ್ಡು ಎಲ್ಲ ಆಮೇಲೆ.

ಸರ್ರೆಯಲ್ಲಿ ಈಗ ಆಗಿರುವ ತೀರ್ಮಾನವೂ ಒಡೆಯುವ ಬಗೆಯದೇ. ಕೌಂಟಿ ಮತ್ತು 11 ಬರೋ, ಡಿಸ್ಟ್ರಿಕ್ಟ್‌ಗಳ ಜಾಗದಲ್ಲಿ ಈಸ್ಟ್ ಸರ್ರೆ, ವೆಸ್ಟ್ ಸರ್ರೆ. ಹೊಸ ಕೌನ್ಸಿಲ್‌ಗಳ ಅಧಿಕಾರ 2027ರ ಏಪ್ರಿಲ್‌ನಿಂದ. ಇಲ್ಲಿ ಸಾಲದ ಪ್ರಶ್ನೆಯೂ ದೊಡ್ಡದು. ವೋಕಿಂಗ್ ಬರೋ 2023ರ ಜೂನ್‌ನಲ್ಲಿ ಕೈಯಲ್ಲಿ ಹಣವಿಲ್ಲ ಎಂದು ನೋಟಿಸ್ ಕೊಟ್ಟಿತ್ತು. ಅದರ ಸಾಲ 200 ಕೋಟಿ ಪೌಂಡಿನ ಆಸುಪಾಸು. 50 ಕೋಟಿ ಪೌಂಡ್ ತೀರಿಸುತ್ತೇವೆ ಎಂದು ಸರ್ಕಾರ ಹೇಳಿದೆ. ಮಿಕ್ಕಿದ್ದು ವೆಸ್ಟ್ ಸರ್ರೆಯ ತಲೆ ಮೇಲೆ, ಅಂದರೆ ಪಕ್ಕದ ಗಿಲ್ಡ್‌ಫರ್ಡ್ ಬರೋದವರೂ ಅದಕ್ಕೆ ಪಾಲುದಾರರು. ತಾವು ಮಾಡದ ಸಾಲ ಎಂದು ಅವರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ವಿಲೀನಕ್ಕೆ ಮುಂಚೆಯೇ ಸರ್ಕಾರ ಇದನ್ನು ಇನ್ನಷ್ಟು ಇಳಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟ್ಯಾಕ್ಸ್ ಜಾಸ್ತಿ ಆಗುತ್ತಾ ಎಂದರೆ, ಕೆಲವರಿಗೆ ಹೌದು. ಹಳೆಯ ಡಿಸ್ಟ್ರಿಕ್ಟ್‌ಗಳ ದರ ಬೇರೆ ಬೇರೆ ಇರುತ್ತದೆ. ಹೊಸ ಕೌನ್ಸಿಲ್ ಅದನ್ನು ಕೆಲವು ವರ್ಷಗಳಲ್ಲಿ ಒಂದೇ ಮಟ್ಟಕ್ಕೆ ತರಬೇಕು.

ಇನ್ನೊಂದು ಮಾತು. ನಾರ್ತ್ ಯಾರ್ಕ್‌ಷೈರ್ ಒಂದಾದ ಎರಡೇ ವರ್ಷಕ್ಕೆ, 2025ರ ಮೇನಲ್ಲಿ, ಹ್ಯಾರೊಗೇಟ್ ಮತ್ತು ಸ್ಕಾರ್ಬರೋ ಊರುಗಳಿಗೆ ಹೊಸದಾಗಿ ಟೌನ್ ಕೌನ್ಸಿಲ್ (ಊರಿನ ಮಟ್ಟದ ಪುಟ್ಟ ಕೌನ್ಸಿಲ್) ಚುನಾವಣೆ ನಡೆಯಿತು. ಊರಿನ ಮಾತು ಕೇಳಲು ಹತ್ತಿರದಲ್ಲಿ ಯಾರಾದರೂ ಬೇಕು ಎಂದು ಅನಿಸಿತ್ತು. ಸರ್ರೆಯಲ್ಲಿರುವ ಕನ್ನಡಿಗರೇ, ನಿಮ್ಮ ಊರಿಗೆ ಟೌನ್ ಅಥವಾ ಪ್ಯಾರಿಷ್ ಕೌನ್ಸಿಲ್ ಇದೆಯಾ ಎಂದು ಈಗಲೇ ನೋಡಿ. ಇಲ್ಲದಿದ್ದರೆ, ಊರಿಗೆ ಇಂಥ ಕೌನ್ಸಿಲ್ ಬೇಕೇ ಎಂದು ಜನರನ್ನು ಕೇಳುವ ‘ಕಮ್ಯುನಿಟಿ ಗವರ್ನೆನ್ಸ್ ರಿವ್ಯೂ’ ನಡೆದಾಗ ಸುಮ್ನೆ ಇರದೆ ಉತ್ತರ ಬರೆದು ಕಳಿಸಿ.