ಮನೆಯ ಆಮೆ ಲೆಕ್ಕಕ್ಕಿಲ್ಲ

ಕಳೆದ ಮಳೆಗಾಲದಲ್ಲಿ ಮಂಗಳೂರು ಕಡೆಯ ಅಮ್ಮ ಒಬ್ಬರು ಮುಂಬೈಯ ಮುಲುಂಡಿನಲ್ಲಿರುವ ನನ್ನ ಪ್ರಾಣಿಗಳ ಕ್ಲಿನಿಕ್‌ಗೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಅಂಗೈಯಗಲದ ನಕ್ಷತ್ರ ಆಮೆ. ಚಿಪ್ಪು ಒತ್ತಿದರೆ ತಗ್ಗುತ್ತಿತ್ತು. ಎರಡು ವರ್ಷದಿಂದ ಹಾಲು-ಅನ್ನ ತಿನ್ನಿಸಿದ್ದರು, ಬಿಸಿಲು ತೋರಿಸಿರಲಿಲ್ಲ. ಲಕ್ಷ್ಮಿ ಬರುತ್ತಾಳೆ ಅಂತ ಮಗ ತಂದುಕೊಟ್ಟಿದ್ದನಂತೆ. "ಇದು ಅಳಿವಿನ ಭಯದಲ್ಲಿರುವ ಪ್ರಾಣಿ ಅಮ್ಮಾ" ಅಂದೆ.

"ಎಂಥದ್ದು ಡಾಕ್ಟ್ರೇ, ನಮ್ಮ ಬಿಲ್ಡಿಂಗ್‌ನಲ್ಲೇ ಮೂರು ಮನೆಯಲ್ಲಿ ಉಂಟಲ್ಲ!"

ಇದೇ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಪ್ರತಿ ಸಲವೂ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ (ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಅಂತ ಹೇಳುವ ಪಟ್ಟಿ) ನೋಡುವುದು ಕಾಡಿನಲ್ಲಿ ತಾನಾಗಿ ಬದುಕುವ ಪ್ರಾಣಿಗಳ ಸ್ಥಿತಿಯನ್ನು. ನಿಮ್ಮ ಬಾಲ್ಕನಿಯ ಆಮೆ ಆ ಲೆಕ್ಕದಲ್ಲಿ ಇಲ್ಲ. ಅದು ಉಸಿರಾಡುತ್ತಿರಬಹುದು. ಆದರೆ ತನ್ನ ಕುರುಚಲು ಕಾಡಿಗೆ ಹೋಗಿ ಇನ್ನು ಮೊಟ್ಟೆ ಇಡುವುದಿಲ್ಲ, ಅಲ್ವಾ? ಕಾಡಿನ ಪಾಲಿಗೆ ಅದು ಸತ್ತ ಹಾಗೆಯೇ. ಮೂರು ಮನೆಯಲ್ಲಿ ಮೂರು ಆಮೆ ಕಂಡರೆ, ಎಲ್ಲೋ ಮೂರು ಕಡಿಮೆಯಾಗಿವೆ ಅಂತ ತಿಳಿಯಿರಿ. ದಾರಿಯಲ್ಲಿ ಸತ್ತವು ಬೇರೆ. 2015ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಆಂಧ್ರ-ಕರ್ನಾಟಕ ಗಡಿಯ ಒಂದೇ ವಹಿವಾಟಿನ ಜಾಗದಿಂದ ವರ್ಷಕ್ಕೆ ಕನಿಷ್ಠ 55,000 ಮರಿಗಳು ಕಳ್ಳದಾರಿಯಲ್ಲಿ ಹೋಗುತ್ತಿದ್ದವು. ಒಂದು ಸಲಕ್ಕೆ ಕೆಲವೇ ಮೊಟ್ಟೆ ಇಡುವ, ಬೆಳೆಯಲು ವರ್ಷಗಟ್ಟಲೆ ಬೇಕಾದ ಪ್ರಾಣಿ ಇದನ್ನು ಹೇಗೆ ತಡೆದುಕೊಳ್ಳಬೇಕು? 2019ರಲ್ಲಿ ಇದರ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದರು.

ಇನ್ನೂ ನಂಬಿಕೆ ಬರದಿದ್ದರೆ ಮೆಕ್ಸಿಕೋದ ಆಕ್ಸೊಲೋಟಲ್ ನೋಡಿ, ನೀರಿನಲ್ಲಿ ಬದುಕುವ ಒಂದು ಉಭಯಚರಿ. ಮಕ್ಕಳು ಮೊಬೈಲಿನಲ್ಲಿ ನೋಡಿ ಬೇಕು ಅಂತ ಹಟ ಹಿಡಿಯುತ್ತವಲ್ಲ, ಅದೇ. ಪ್ರಪಂಚದ ಪ್ರಯೋಗಾಲಯಗಳಲ್ಲಿ, ಮನೆಯ ತೊಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಅದರ ಸ್ವಂತ ಊರು ಮೆಕ್ಸಿಕೋ ಸಿಟಿಯ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿ ಪ್ರಾಯಕ್ಕೆ ಬಂದ ಆಕ್ಸೊಲೋಟಲ್‌ಗಳು ಉಳಿದಿರುವುದು 50ರಿಂದ 1,000 ಅಂತ ಅಂದಾಜು.

"ಹಾಗಾದರೆ ನಾವೂ ಮರಿ ಮಾಡಿಸಿ ಉಳಿಸುತ್ತೇವೆ" ಅನ್ನುವವರೂ ಇದ್ದಾರೆ. ಸಾಕಿ ಉಳಿಸಿದ್ದು ಉಂಟು, ಸುಳ್ಳಲ್ಲ. ಕತ್ತಿಯಂತೆ ಬಾಗಿದ ಕೊಂಬಿನ ಆರಿಕ್ಸ್ ಅನ್ನುವ ಆಫ್ರಿಕಾದ ಜಿಂಕೆಯಂಥ ಪ್ರಾಣಿ ಕಾಡಿನಲ್ಲಿ ಇಲ್ಲವೇ ಇಲ್ಲ ಅಂತ 2000ದಲ್ಲಿ ಘೋಷಿಸಿದ್ದರು. 2016ರಿಂದ ಅದನ್ನು ಚಾಡ್ ದೇಶದಲ್ಲಿ ಮತ್ತೆ ಬಿಟ್ಟರು, 2023ರಲ್ಲಿ ಕೆಂಪು ಪಟ್ಟಿಯಲ್ಲಿ ಅದರ ಸ್ಥಿತಿ ಸುಧಾರಿಸಿತು. ಆದರೆ ಅದರ ಹಿಂದೆ ಹತ್ತಾರು ವರ್ಷಗಳ ವಂಶಾವಳಿ, ರೋಗ ತಪಾಸಣೆ, ಕಾವಲು ಎಲ್ಲ ಇತ್ತು. ಬಾತ್‌ರೂಮ್ ಬಕೆಟ್ಟಿನಲ್ಲಿ ಆಗುವ ಕೆಲಸ ಅಲ್ಲ ಅದು.

ಕಾನೂನಿನ ವಿವರ ವಕೀಲರು ಹೇಳಬೇಕು. ನಾನು ಹೇಳಬಲ್ಲದ್ದು ಇಷ್ಟು: 1972ರ ವನ್ಯಜೀವಿ ಕಾಯ್ದೆಯಡಿ ನಕ್ಷತ್ರ ಆಮೆ ಸಾಕುವುದು ಅಪರಾಧ. ಹಾಗಂತ ಹೆದರಿ ಮುಂಬೈಯ ಆರೆ ಕಾಲೊನಿಯ ಕಾಡಿನಲ್ಲಿ ಬಿಟ್ಟು ಬರಬೇಡಿ. ಒಣನೆಲದ ಪ್ರಾಣಿ, ಮುಂಬೈ ಮಳೆಯಲ್ಲಿ ಬದುಕುವುದು ಕಷ್ಟ. ಜೊತೆಗೆ ರೋಗವನ್ನೂ ಕಾಡಿಗೆ ಹೊತ್ತೊಯ್ಯಬಹುದು. ಅರಣ್ಯ ಇಲಾಖೆಗೆ ತಿಳಿಸಿ.

ಆ ಅಮ್ಮ ಹಾಗೇ ಮಾಡಿದರು. ಚಿಪ್ಪು ಪೂರ್ತಿ ಗಟ್ಟಿಯಾಗುತ್ತದೆ ಅಂತ ನಾನು ಮಾತು ಕೊಡಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಒಪ್ಪಿಸುವ ದಿನ ಬೆಳಿಗ್ಗೆ ಅವರು ಕುಂಡದ ದಾಸವಾಳದ ಎಲೆ, ಹೂವು ಕಿತ್ತು ಒಂದು ಚೀಲದಲ್ಲಿ ತಂದಿದ್ದರು. "ಅಲ್ಲಿ ಇದೆಲ್ಲ ಕೊಡ್ತಾರಾ ಡಾಕ್ಟ್ರೇ?" ಅಂತ ಕೇಳಿದರು.