ಅಕ್ಷರಮಾಲೆಗೆ ಸೇರದ ಊರು

ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಕ್ಷೆ ತೆಗೆಯಿರಿ. ಲಿಂಕನ್ ನಗರದಿಂದ ಪಶ್ಚಿಮಕ್ಕೆ ಹೋಗುವ ರೈಲು ಹಳಿಯ ಮೇಲೆ ಬೆರಳಿಟ್ಟು ಊರುಗಳ ಹೆಸರು ಓದುತ್ತಾ ಹೋಗಿ. ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್, ಇನ್‌ಲ್ಯಾಂಡ್, ಜೂನಿಯಾಟಾ, ಕೆನೆಸಾ, ಲೊವೆಲ್. ಸಿ, ಡಿ, ಇ, ಎಫ್, ಜಿ, ಎಚ್... ಒಂದನೇ ತರಗತಿಯ ಹಾಜರಿ ಪುಸ್ತಕದ ಹಾಗೆ ಊರುಗಳು ಸಾಲಾಗಿ ನಿಂತಿವೆ. ಜನ ತಾವಾಗಿ ಬಂದು ನೆಲೆಸಿದ ಊರುಗಳಿಗೆ ಇಂಥ ಶಿಸ್ತು ಎಲ್ಲಿಂದ ಬರಬೇಕು? ಇವಕ್ಕೆ ಹೆಸರಿಟ್ಟದ್ದು ರೈಲು ಕಂಪನಿ.

ಆದರೆ ಗ್ರಾಫ್ಟನ್ ಮತ್ತು ಹಾರ್ವರ್ಡ್ ನಡುವೆ ಬೆರಳು ಒಂದು ಕ್ಷಣ ತಡೆಯುತ್ತದೆ. ಅಲ್ಲಿ ಸಟನ್ ಅನ್ನುವ ಊರಿದೆ. ಜಿ ಆದಮೇಲೆ ಎಸ್! ಹೀಗೆ ಸಾಲು ತಪ್ಪಿಸಿದ ಊರುಗಳು ಇನ್ನೂ ಕೆಲವಿವೆ. ನನಗೆ ಇಷ್ಟವಾದದ್ದು ಮಾತ್ರ ಸಟನ್.

ಮೊದಲು ಸಾಲಿನ ಲೆಕ್ಕಾಚಾರ ನೋಡೋಣ. 1870ರ ಸುಮಾರಿಗೆ ಬರ್ಲಿಂಗ್ಟನ್ ಅಂಡ್ ಮಿಸೌರಿ ರಿವರ್ ಎಂಬ ಕಂಪನಿ ಇಲ್ಲಿ ಹಳಿ ಹಾಕುತ್ತಿತ್ತು. ಅದಕ್ಕಾಗಿ ಸರ್ಕಾರ ನೆಬ್ರಾಸ್ಕಾದಲ್ಲಿ 23 ಲಕ್ಷಕ್ಕೂ ಜಾಸ್ತಿ ಎಕರೆ ಜಮೀನನ್ನು ಅದಕ್ಕೆ ಉಚಿತವಾಗಿ ಕೊಟ್ಟಿತ್ತು. ನೆಲವನ್ನು ಮೊದಲೇ ಮೈಲಿಗೊಂದರಂತೆ ಚೌಕ ಚೌಕವಾಗಿ ಅಳೆದಿದ್ದರು. ಒಂದು ಚೌಕ ಅಂದರೆ 640 ಎಕರೆ. ಬೆಸ ಸಂಖ್ಯೆಯ ಚೌಕಗಳು ಕಂಪನಿಗೆ, ಸಮ ಸಂಖ್ಯೆಯವು ಸರ್ಕಾರಕ್ಕೆ. ನಕ್ಷೆ ಥೇಟ್ ಚದುರಂಗದ ಮಣೆ. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಐದು ವರ್ಷ ಅಲ್ಲೇ ವಾಸವಿದ್ದು ಉತ್ತವನಿಗೆ 160 ಎಕರೆ ಸಿಗುತ್ತಿತ್ತು. ಹಳಿಯ ಆಸುಪಾಸಿನಲ್ಲಾದರೆ ಬರೀ 80. ಅಲ್ಲಿ ಬೆಲೆ ಏರುತ್ತದೆ ಅಂತ ಸರ್ಕಾರಕ್ಕೂ ಗೊತ್ತಿತ್ತು.

ಆ ನೆಲ ಖಾಲಿ ಬಿದ್ದಿರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಅದು ಪಾನಿ ಎಂಬ ಮೂಲನಿವಾಸಿ ಜನರ ಬೇಟೆಯ ಸೀಮೆ. 1833ರ ಒಪ್ಪಂದದಲ್ಲಿ ಪ್ಲ್ಯಾಟ್ ನದಿಯ ದಕ್ಷಿಣದ ಭಾಗ ಅವರ ಕೈತಪ್ಪಿತು. 1870ರ ದಶಕದಲ್ಲಿ ಅವರು ನೆಬ್ರಾಸ್ಕಾವನ್ನೇ ಬಿಟ್ಟು ದಕ್ಷಿಣಕ್ಕೆ, ಇಂದಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು.

ಕಂಪನಿಯ ಊರುಗಳ ನಡುವೆ ಹೆಚ್ಚುಕಮ್ಮಿ ಹತ್ತು ಹದಿಮೂರು ಕಿಲೋಮೀಟರ್ ಅಂತರ. ಇದು ಸುಮ್ನೆ ಬಂದ ಅಂಕಿ ಅಲ್ಲ. ಗೋಧಿ ಹೇರಿದ ಕುದುರೆಗಾಡಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋದರೆ ಹೆಚ್ಚು. ರೈತ ಬೆಳಿಗ್ಗೆ ಹಾಲು ಕರೆದು ಹೊರಡಬೇಕು. ಪೇಟೆಯಲ್ಲಿ ಕಾಳು ತೂಗಿಸಬೇಕು, ಕಮ್ಮಾರನ ಹತ್ತಿರ ಗುಳ ತಟ್ಟಿಸಬೇಕು, ಉಪ್ಪು, ಸೀಮೆಎಣ್ಣೆ, ಮೊಳೆ ಕೊಳ್ಳಬೇಕು. ಕತ್ತಲಾಗುವ ಮುಂಚೆ ಮತ್ತೆ ಕೊಟ್ಟಿಗೆಯಲ್ಲಿರಬೇಕು. ಪೇಟೆ ಎರಡು ಗಂಟೆ ದಾರಿಗಿಂತ ದೂರವಾದರೆ ಇಡೀ ದಿನ ದಾರಿಯಲ್ಲೇ ಕಳೆದುಹೋಗುತ್ತದೆ. ಪೇಟೆಗಳು ತೀರಾ ಹತ್ತಿರವಾದರೆ ಅಂಗಡಿಯವನಿಗೆ ಗಿರಾಕಿ ಸಾಲುವುದಿಲ್ಲ. ಜೊತೆಗೆ ಉಗಿ ಇಂಜಿನ್ನಿಗೆ ಆಗಾಗ ನೀರು ಬೇಕು. ಹೀಗೆ ಕುದುರೆಯ ಕಾಲು, ಇಂಜಿನ್ನಿನ ಬಾಯಾರಿಕೆ ಎರಡೂ ಸೇರಿ ಊರಿನ ಜಾಗ ಗೊತ್ತುಮಾಡಿದವು.

ಇದನ್ನೇ ಆಮೇಲೆ ಜರ್ಮನಿಯ ವಾಲ್ಟರ್ ಕ್ರಿಸ್ಟಲರ್ 1933ರಲ್ಲಿ ಸಿದ್ಧಾಂತ ಮಾಡಿದ. ಎಲ್ಲ ಕಡೆ ಒಂದೇ ಥರ ಇರುವ ಬಯಲಿನಲ್ಲಿ ಪೇಟೆಗಳು ಜೇನುಗೂಡಿನ ಆರು ಮೂಲೆಯ ಕೋಣೆಗಳಂತೆ ಹರಡಿಕೊಳ್ಳುತ್ತವೆ ಅಂದ. ದುಂಡಗಿನ ವಲಯಗಳನ್ನು ಪಕ್ಕಪಕ್ಕ ಇಟ್ಟರೆ ನಡುವೆ ಸಂದು ಉಳಿಯುತ್ತದೆ, ಆರು ಮೂಲೆಯಾದರೆ ಉಳಿಯುವುದಿಲ್ಲ ಅಲ್ವಾ? ಆಗಸ್ಟ್ ಲೋಶ್ ಎಂಬ ಇನ್ನೊಬ್ಬ ಜರ್ಮನ್ ಇದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ನೆಬ್ರಾಸ್ಕಾದ ಪಕ್ಕದ ಅಯೋವಾವನ್ನು. ಗುಡ್ಡ, ಕಾಡು, ಹಳೇ ಕೋಟೆ ಯಾವುದೂ ಅಡ್ಡ ಬರದ ಇಂಥ ನೆಲ ಯುರೋಪಿನಲ್ಲಿ ಸಿಗುವುದು ಕಷ್ಟ.

ಈಗ ಸಟನ್‌ಗೆ ಬರೋಣ. ರೈಲಿಗಿಂತ ಮೊದಲೇ, 1870ರಲ್ಲಿ, ಲೂಥರ್ ಫ್ರೆಂಚ್ ಎಂಬಾತ ಸ್ಕೂಲ್ ಕ್ರೀಕ್ ಅನ್ನುವ ಹಳ್ಳದ ದಂಡೆಯನ್ನು ಕೊರೆದು ಒಳಗೆ ಮನೆ ಮಾಡಿಕೊಂಡ. ಮರ ಕಮ್ಮಿಯಿದ್ದ ಬಯಲಿನಲ್ಲಿ ಹೀಗೆ ಮನೆ ಮಾಡಿಕೊಳ್ಳುವುದು ಮಾಮೂಲಾಗಿತ್ತು. ಹಾಗೆ ಕೊರೆದರೆ ಗೋಡೆ ಕುಸಿಯುವುದಿಲ್ಲವೇ? ಅಲ್ಲಿನ ಮಣ್ಣಿನ ಗುಣವೇ ಬೇರೆ. ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಸುರಿದ ನುಣುಪು ಧೂಳು ಅದು, ಹೆಸರು ಲೋಯೆಸ್. ಅದರ ಕಣಗಳು ನದಿಯ ಮರಳಿನಂತೆ ದುಂಡಗಿಲ್ಲ, ಮೂಲೆಮೂಲೆಯಾಗಿವೆ. ನಡುವೆ ಒಂದಿಷ್ಟು ಜೇಡಿ, ಒಂದಿಷ್ಟು ಸುಣ್ಣ ಅಂಟಿನ ಕೆಲಸ ಮಾಡುತ್ತವೆ. ಹಾಗಾಗಿ ಸಲಿಕೆಯಲ್ಲಿ ನೆಟ್ಟಗೆ ಕಡಿದರೆ ಗೋಡೆ ನೆಟ್ಟಗೇ ನಿಲ್ಲುತ್ತದೆ.

ಫ್ರೆಂಚ್ 1871ರಲ್ಲಿ ತನ್ನ ಜಾಗದಲ್ಲೇ ಬೀದಿ, ನಿವೇಶನ ಅಳೆಸಿ ಊರು ಕಟ್ಟಿಸಿದ. ಮಸಾಚುಸೆಟ್ಸ್‌ನ ಸಟನ್ ಹೆಸರನ್ನೇ ಇದಕ್ಕೂ ಇಟ್ಟರು. ಕಂಪನಿಗೆ ಇದು ಹಿಡಿಸಲಿಲ್ಲ. ನಿವೇಶನ ಮಾರಿದ ದುಡ್ಡು ಬೇರೆಯವನ ಜೇಬಿಗೆ ಹೋಗುವ ಊರಿನಲ್ಲಿ ಅದು ಯಾಕೆ ನಿಲ್ದಾಣ ಕಟ್ಟೀತು? ಪೂರ್ವಕ್ಕೆ ಕೆಲವೇ ಮೈಲಿ ದೂರದಲ್ಲಿ ತನ್ನದೇ ನಿಲ್ದಾಣ ಮಾಡಿತು. ಸಟನ್‌ನವರು ಜಗ್ಗಲಿಲ್ಲ. ಜಗ್ಗಾಟ ನಡೆದು, ಕಡೆಗೆ ಸೋತದ್ದು ಕಂಪನಿ. ಸಟನ್‌ಗೂ ನಿಲ್ದಾಣ ಬಂತು.

ಆದರೆ ಊರು ಬೆಳೆಯಲು ಗಿರಾಕಿ ಬೇಕು. 1873ರಲ್ಲಿ ಬಂದಿಳಿದರು ನೋಡಿ, ಒಡೆಸ್ಸಾ ಕಡೆಯ ಜರ್ಮನ್ನರು. ಇವರ ಹಿರಿಯರು 19ನೇ ಶತಮಾನದ ಆರಂಭದಲ್ಲಿ ಆಗಿನ ರಷ್ಯಾದ ಕಪ್ಪು ಸಮುದ್ರದ ದಂಡೆಗೆ ಹೋಗಿ ನೆಲೆಸಿದ್ದರು. ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆಯುವುದಿಲ್ಲ ಅಂತ ಅಲ್ಲಿನ ದೊರೆ ಮಾತು ಕೊಟ್ಟಿದ್ದ. 1870ರ ದಶಕದಲ್ಲಿ ಆ ಮಾತು ಮುರಿದುಬಿತ್ತು, ಇವರು ಗಂಟುಮೂಟೆ ಕಟ್ಟಿದರು. ಅವರು ಬಿಟ್ಟುಬಂದದ್ದೂ ಮರವಿಲ್ಲದ ಹುಲ್ಲು ಬಯಲೇ. ಅಲ್ಲೂ ಲೋಯೆಸ್, ಅಲ್ಲೂ ಚಳಿ, ಅಲ್ಲೂ ಗೋಧಿ. ಪೂರ್ವದ ರಾಜ್ಯಗಳ ಅಮೆರಿಕನ್ನರು ಒಲೆಗೆ ಏನು ಹಾಕುವುದು ಅಂತ ತಲೆ ಕೆಡಿಸಿಕೊಂಡಿದ್ದರೆ ಈ ಜನಕ್ಕೆ ಉತ್ತರ ಗೊತ್ತಿತ್ತು. ಸಗಣಿಗೆ ಹುಲ್ಲು ಬೆರೆಸಿ, ತುಳಿದು ಹದ ಮಾಡಿ, ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಗೂಡು ಹಾಕುತ್ತಿದ್ದರು. ಜರ್ಮನ್ನಿನಲ್ಲಿ ಅದಕ್ಕೆ ಮಿಸ್ಟ್‌ಹೋಲ್ಟ್ಸ್ ಎಂಬ ಹೆಸರು, ಅಂದರೆ ಗೊಬ್ಬರದ ಸೌದೆ. ಕುರುಳು ತಟ್ಟಿದ ಕೈಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ನೆಬ್ರಾಸ್ಕಾದ ಮಣ್ಣೂ ಕಪ್ಪು. ನಮ್ಮ ಎರೆಮಣ್ಣಿನ ಕಪ್ಪಲ್ಲ ಅದು. ನಮ್ಮದು ಕಪ್ಪು ಕಲ್ಲು ಸವೆದು ಆದ ಜಿಗುಟು ಮಣ್ಣು. ಅಲ್ಲಿನದು ಸಾವಿರಾರು ವರ್ಷ ಹುಲ್ಲಿನ ಬೇರುಗಳು ಸತ್ತು, ಕೊಳೆತು, ಸೇರಿದ ಕಪ್ಪು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ 20ನೇ ಶತಮಾನದಲ್ಲಿ ಆಳದ ಗುಂಡಿ ತೋಡಿ ಒಂದೊಂದೇ ಬೇರನ್ನು ಬಿಡಿಸಿ ಅಳೆದ. ಆಳೆತ್ತರ ಬೆಳೆಯುವ ಹುಲ್ಲಿನ ಬೇರು ಎರಡು ಮೀಟರಿಗೂ ಕೆಳಗೆ ಇಳಿದಿತ್ತು. ಹುಲ್ಲಿನ ಜಾಸ್ತಿ ಭಾಗ ಇದ್ದದ್ದೇ ನೆಲದೊಳಗೆ.

ಇಷ್ಟಿದ್ದರೂ ಮಳೆಯ ಚಿಂತೆ ಇತ್ತು. ಸಟನ್‌ನಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಕಮ್ಮಿ. ಆಗ "ನೇಗಿಲ ಹಿಂದೆಯೇ ಮಳೆ ಬರುತ್ತದೆ" ಎಂಬ ಮಾತು ಹಬ್ಬಿತು. ಉತ್ತ ನೆಲ ನೀರು ಹೀರಿಟ್ಟುಕೊಂಡು ಮೆಲ್ಲಗೆ ಆವಿ ಬಿಡುತ್ತದೆ, ಅದೇ ಮೋಡವಾಗುತ್ತದೆ ಎಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಆಗೆ ವಾದಿಸಿದ. ಜಮೀನು ಮಾರುವವರಿಗೆ ಹಬ್ಬ. ಕೆಲವು ವರ್ಷ ಮಳೆ ನಿಜಕ್ಕೂ ಚೆನ್ನಾಗಿ ಆಯಿತು, ಜನ ನಂಬಿದರು. 1890 ಮತ್ತು 1894ರ ಬರ ಆ ನಂಬಿಕೆಯನ್ನು ತೊಳೆದುಹಾಕಿತು.

ನೇಗಿಲು ಮಳೆ ತರಲಿಲ್ಲ, ಆದರೆ ಮಿಡತೆಯನ್ನು ಮುಗಿಸಿರಬಹುದು. 1874ರಲ್ಲಿ ರಾಕಿ ಬೆಟ್ಟದ ಮಿಡತೆ ನೆಬ್ರಾಸ್ಕಾದ ಹೊಲಗಳನ್ನು ಬೋಳು ಮಾಡಿತ್ತು. ಅದು ಕಡೆಯ ಸಲ ಜೀವಂತ ಸಿಕ್ಕಿದ್ದು 1902ರಲ್ಲಿ. ಬೆಟ್ಟದ ನದಿ ಕಣಿವೆಗಳಲ್ಲಿ ಅದು ಮೊಟ್ಟೆಯಿಡುತ್ತಿದ್ದ ಮಣ್ಣನ್ನೇ ರೈತರು ಉತ್ತು ನೀರು ಹಾಯಿಸಿದರು ಎನ್ನುವುದು ಇಂದಿನ ಕೀಟತಜ್ಞರು ಕೊಡುವ ಮುಖ್ಯ ವಿವರಣೆ.

ಸಟನ್ ಕಂಪನಿಯನ್ನು ಗೆದ್ದರೂ ದೂರದ ಲೆಕ್ಕದ ಎದುರು ಸೋತಿತು. ಮೊದಲು ಕ್ಲೇ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಆಡಳಿತ ಕೇಂದ್ರ ಅದೇ. ಆದರೆ ಊರು ಕೌಂಟಿಯ ಅಂಚಿನಲ್ಲಿದೆ. ಕೋರ್ಟು ಕಚೇರಿಗೂ ಗಾಡಿ ಕಟ್ಟಿಕೊಂಡೇ ಬರಬೇಕು. 1879ರಲ್ಲಿ ಕಚೇರಿ ನಟ್ಟನಡುವಿನ ಕ್ಲೇ ಸೆಂಟರ್‌ಗೆ ಹೋಯಿತು. ಮುಂದೆ ಕಾರು ಬಂದು ಆ ಎರಡು ಗಂಟೆಯ ದಾರಿಯನ್ನು ಹತ್ತು ನಿಮಿಷಕ್ಕೆ ಇಳಿಸಿದಾಗ ಅಕ್ಷರಮಾಲೆಯ ಕೆಲವು ಊರುಗಳಿಗೆ ಕೆಲಸವೇ ಉಳಿಯಲಿಲ್ಲ. ಲೊವೆಲ್, ಇನ್‌ಲ್ಯಾಂಡ್ ಈಗ ಹೆಸರಿಗಷ್ಟೇ. ಸಾಲಿಗೆ ಸೇರದ ಸಟನ್‌ನಲ್ಲಿ ಮಾತ್ರ ಸುಮಾರು ಒಂದೂವರೆ ಸಾವಿರ ಜನ ಇದ್ದಾರೆ.

ಹಳಿ ಈಗಲೂ ಊರಿನ ನಡುವೆಯೇ ಇದೆ. ಷಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಪ್ರಯಾಣಿಕರ ರೈಲು ನಡುರಾತ್ರಿ ಕಳೆದ ಮೇಲೆ ಆ ದಾರಿಯಲ್ಲೇ ಸಾಗುತ್ತದೆ. ಲಿಂಕನ್ ಬಿಟ್ಟರೆ ಅದು ನಿಲ್ಲುವುದು ಸಟನ್ ದಾಟಿ, ಹೇಸ್ಟಿಂಗ್ಸ್‌ನಲ್ಲೇ.